ಕೆತ್ತಿಸುವ ಮೊದಲು ಬಗ್ಗಿ ನೋಡಿ

ಹಬ್ಬ ಹತ್ತಿರ ಬಂದಾಗ, ಮನೆಯಲ್ಲಿ ಮದುವೆ ಗೊತ್ತಾದಾಗ ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಅಂಗಳ ಕೆತ್ತಿಸುವುದು. ಕೂಲಿಯಾಳು ಸಲಿಕೆ ಹಿಡಿದು ಬರುತ್ತಾನೆ. ಒಂದು ತಾಸಿನೊಳಗೆ ಹಸಿರಾಗಿದ್ದುದೆಲ್ಲ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ. ನೆಲ ಅಂಗೈಯಂತೆ ಕಾಣುತ್ತದೆ, ಮನಸ್ಸಿಗೂ ಹಗುರವೆನಿಸುತ್ತದೆ. ಆದರೆ ಸಹೋದರಿಯರೇ, ಆಮೇಲೆ ಎರಡು ಮಳೆ ಬಿದ್ದಾಗ ಆ ಬೋಳು ನೆಲದಲ್ಲಿ ಮೊದಲು ತಲೆಯೆತ್ತುವುದು ಯಾವುದೆಂದು ಗಮನಿಸಿದ್ದೀರಾ? ಬಹುಪಾಲು ಅಂಗಳಗಳಲ್ಲಿ ಅದು ಕಾಂಗ್ರೆಸ್ ಕಸ.

ನೆಲ ಖಾಲಿ ಉಳಿಯುವುದಿಲ್ಲ. ನಾವು ಏನನ್ನೂ ಬಿಡದಿದ್ದರೆ ತಾನಾಗಿ ಒಂದು ಬಂದು ಕೂರುತ್ತದೆ, ಅದು ಬಹಳ ಸಲ ನಮಗೆ ಬೇಡವಾದದ್ದೇ ಆಗಿರುತ್ತದೆ. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ನಮ್ಮ ದೇಶದ ಗಿಡವಲ್ಲ. 1950ರ ದಶಕದ ನಡುವೆ ಪುಣೆಯಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು. ಅಲ್ಲಿಂದ ರಸ್ತೆ ಬದಿ, ಬಯಲು, ಹೊಲದ ಬದು ಎಲ್ಲವನ್ನೂ ಹಿಡಿಯಿತು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮುಟ್ಟಿದವರಲ್ಲಿ ಕೆಲವರಿಗೆ ಚರ್ಮ ಕೆರೆದು ಹುಣ್ಣಾಗುತ್ತದೆ, ಹೂವಿನ ಪುಡಿಯಿಂದ ಉಬ್ಬಸ ಕೆರಳುವುದೂ ಉಂಟು. ಎಳೆಯದಿದ್ದಾಗ ಅದನ್ನು ಗುರುತಿಸುವುದು ಕಷ್ಟ. ಗಜ್ಜರಿಯ ಎಲೆಯಂತೆ ಸೀಳು ಸೀಳಾದ ಎಲೆಗಳನ್ನು ತಟ್ಟೆಯ ಹಾಗೆ ನೆಲಕ್ಕೆ ಹರಡಿಕೊಂಡು ಮಲಗಿರುತ್ತದೆ. ಕೀಳಬೇಕಾದದ್ದು ಆಗಲೇ, ಅದೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬೇರು ಸಮೇತ. ಬಿಳಿ ಹೂ ಬಂದ ಮೇಲೆ ಕಿತ್ತರೆ ಅರ್ಧ ಬೀಜ ನೆಲದಲ್ಲೇ ಉಳಿಯುತ್ತದೆ.

ನಮ್ಮ ಕಡೆಯ ಮಾತಿನಲ್ಲಿ ಗುಡಿಸಿ ಬಿಸಾಡುವುದೂ ಕಸವೇ, ಬಿತ್ತದೆ ಹುಟ್ಟಿದ ಗಿಡವೂ ಕಸವೇ. ಹೆಸರು ಒಂದೇ ಆದದ್ದರಿಂದ ನಾವು ಎರಡನ್ನೂ ಒಂದೇ ಪೊರಕೆಯಿಂದ ಗುಡಿಸುತ್ತೇವೆ. ಈ ತಿಂಗಳು ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸಲಿಕೆ ನೆಲಕ್ಕೆ ಬೀಳುವ ಮೊದಲು ಹದಿನೈದು ನಿಮಿಷ ಬಗ್ಗಿ ನೋಡಿ. ನೆಲಕ್ಕಂಟಿ ಹಬ್ಬುವ ಗಿಡಗಳಲ್ಲಿ ಕೆಲವು ನಿಮ್ಮ ಪಾತ್ರೆಗೆ ಬರುವಂಥವು, ಕೆಲವು ಧೂಳು ತಡೆದು ಮಣ್ಣು ಹಿಡಿಯುವಂಥವು, ಇನ್ನು ಕೆಲವು ಮಕ್ಕಳ ಕಾಲಿಗೆ ಶತ್ರುಗಳು.

ಮೊದಲಿಗೆ ಗೋಣಿ ಸೊಪ್ಪು. ಕೆಲವು ಮನೆಗಳಲ್ಲಿ ಇದನ್ನು ಗೋಳಿ ಪಲ್ಲೆ ಎನ್ನುತ್ತಾರೆ. ಮರಾಠಿ ಬಲ್ಲವರಿಗೆ ಘೋಳ್, ಉರ್ದುವಿನಲ್ಲಿ ಕುಲ್ಫಾ ಅಥವಾ ಖುರ್ಫಾ. ದಂಟು ಕೆಂಪು ಮಿಶ್ರಿತ, ದುಂಡಗೆ, ನುಣ್ಣಗೆ, ನೀರು ತುಂಬಿದ ಹಾಗೆ ಇರುತ್ತದೆ. ಎಲೆ ದಪ್ಪ, ಪುಟ್ಟ ಚಮಚೆಯ ಆಕಾರ. ಬೆಳಿಗ್ಗೆ ಬಿಸಿಲು ಏರಿದಾಗ ಸಣ್ಣ ಹಳದಿ ಹೂ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಬೀಜದ ಡಬ್ಬಿಯನ್ನು ಉಗುರಿನಿಂದ ಮೀಟಿದರೆ ಮುಚ್ಚಳ ಕಳಚಿದಂತೆ ಮೇಲ್ಭಾಗ ಬಿಚ್ಚಿಕೊಂಡು ಒಳಗಿನಿಂದ ಕರಿ ಬೀಜ ಉದುರುತ್ತವೆ. ಮಕ್ಕಳಿಗೆ ಇದನ್ನು ತೋರಿಸಿ, ಮರೆಯುವುದಿಲ್ಲ. ತೊಗರಿ ಬೇಳೆಯೊಡನೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಪಲ್ಯ ಬೇಡ. ಸ್ವಲ್ಪ ಹುಳಿ ಅದರಲ್ಲೇ ಇದೆ, ಹುಣಸೆಹಣ್ಣು ಕಡಿಮೆ ಹಾಕಬಹುದು.

ಇದೇ ಗಿಡಕ್ಕೆ ಅರಬಿಯಲ್ಲಿ ಎರಡು ಹೆಸರುಗಳಿವೆ. ಒಂದು ‘ರಿಜ್ಲಾ’, ಕಾಲು ಎಂಬರ್ಥದ ‘ರಿಜ್ಲ್’ ಶಬ್ದಕ್ಕೆ ಹತ್ತಿರದ್ದು. ಇನ್ನೊಂದು ‘ಬಖ್ಲತುಲ್ ಹಮ್ಖಾ’, ಅಂದರೆ ಪೆದ್ದ ಸೊಪ್ಪು! ನೀರು ಹರಿದು ಬರುವ ದಾರಿಯಲ್ಲಿ, ಜನ ತುಳಿಯುವಲ್ಲಿಯೇ ಹುಟ್ಟುತ್ತದೆ, ತನ್ನ ಜಾಗ ಆರಿಸಿಕೊಳ್ಳುವ ಬುದ್ಧಿ ಇದಕ್ಕಿಲ್ಲ ಎಂದು ಹಳೆಯ ನಿಘಂಟುಕಾರರು ವಿವರಿಸುತ್ತಾರೆ. ನಮ್ಮ ಅಂಗಳದಲ್ಲೂ ಅದು ಬಚ್ಚಲ ನೀರು ಹರಿಯುವ ಜಾಡಿನಲ್ಲೇ ಹುಟ್ಟುವುದನ್ನು ನೀವು ನೋಡಿರಬಹುದು. ಪೆದ್ದ ಎಂದವರೇ ಅದನ್ನು ಬಿಡದೆ ತಿಂದಿದ್ದಾರೆ. ಲೆಬನಾನಿನ ಫತ್ತೂಶ್ ಎಂಬ ಹಸಿ ಕಚುಂಬರಿಯಲ್ಲಿ, ಈಜಿಪ್ಟಿನ ಸಾರಿನಲ್ಲಿ, ತುರ್ಕಿಯಲ್ಲಿ ಮೊಸರಿನೊಂದಿಗೆ ಇದು ಇಂದಿಗೂ ಊಟಕ್ಕೆ ಬರುತ್ತದೆ. ನಾವು ಮಾತ್ರ ಅದನ್ನು ಕೆತ್ತಿ ಬಿಸಾಡಿ ಸಂತೆಯಲ್ಲಿ ದುಡ್ಡು ಕೊಟ್ಟು ಪಾಲಕ ತರುತ್ತೇವೆ.

ಈಗ ಎಚ್ಚರಿಕೆಯ ಮಾತು. ದಯವಿಟ್ಟು ಇದನ್ನು ಎರಡು ಸಲ ಓದಿ. ಗೋಣಿ ಸೊಪ್ಪಿನ ಮಗ್ಗುಲಲ್ಲೇ, ಕೆಲವೊಮ್ಮೆ ಅದರೊಳಗೇ ಹೆಣೆದುಕೊಂಡು, ಇನ್ನೊಂದು ಜಾತಿಯ ಗಿಡ ನೆಲಕ್ಕೆ ಅಂಟಿ ಬೆಳೆಯುತ್ತದೆ. ಅದರ ದಂಟೂ ಕೆಂಪು, ಎಲೆಯೂ ಸಣ್ಣದು. ದೂರದಿಂದ ಅಕ್ಕತಂಗಿಯರಂತೆ ಕಾಣುತ್ತವೆ. ಆದರೆ ಅದರ ದಂಟು ತಂತಿಯಂತೆ ತೆಳ್ಳಗೆ, ಎಲೆ ಕಾಗದದಂತೆ ಚಪ್ಪಟೆ, ಎರಡೆರಡು ಎದುರುಬದುರು. ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಇದು ಕಳ್ಳಿಯ ಬಳಗಕ್ಕೆ ಸೇರಿದ್ದು, ತಿನ್ನುವುದಲ್ಲ. ಅದರ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಗೋಣಿ ಸೊಪ್ಪು ಬಿಡಿಸುವಾಗ ಪ್ರತಿ ಬಳ್ಳಿಯನ್ನೂ ಒಮ್ಮೆ ಮುರಿದು ನೋಡಿ. ನೀರು ಬಂದರೆ ಬುಟ್ಟಿಗೆ, ಹಾಲು ಬಂದರೆ ಹೊರಗೆ. ಸೊಪ್ಪು ಬಿಡಿಸಲು ಮಕ್ಕಳನ್ನು ಕಳಿಸುವ ತಾಯಂದಿರು ಮೊದಲು ಈ ಪರೀಕ್ಷೆಯನ್ನು ಅವರ ಕೈಯಿಂದಲೇ ಮಾಡಿಸಬೇಕು.

ಮೂರನೆಯದೂ ಒಂದಿದೆ. ಎಲೆ ಅಗಲ, ದುಂಡಗೆ, ಪ್ರತಿ ಗೆಣ್ಣಿನಲ್ಲೂ ಒಂದು ದೊಡ್ಡದು, ಒಂದು ಚಿಕ್ಕದು. ಹೂ ಹಳದಿಯಲ್ಲ, ಎಲೆಯ ಬುಡದ ಸಂದಿಯಲ್ಲಿ ಅಡಗಿ ಕುಳಿತ ಬಿಳಿ ಇಲ್ಲವೇ ನಸುಗುಲಾಬಿ ಬಣ್ಣದ್ದು. ಇದನ್ನೂ ಗೋಣಿ ಸೊಪ್ಪೆಂದು ತಿಳಿದು ಕಿತ್ತು ತರುವವರಿದ್ದಾರೆ. ಬೇಡ, ಬಿಟ್ಟುಬಿಡಿ. ಗುರುತು ಖಚಿತವಿಲ್ಲದ್ದು ಒಲೆಯ ಮೇಲೆ ಏರಬಾರದು.

ಗೋಣಿ ಸೊಪ್ಪು ಸಿಕ್ಕಿತೆಂದು ಎಲ್ಲಿಂದಲಾದರೂ ಕೀಳಬೇಡಿ. ಗಟಾರದ ಅಂಚು, ಕಳೆನಾಶಕ ಸಿಂಪಡಿಸಿದ ಹೊಲದ ಬದು, ಪೆಟ್ರೋಲ್ ಬಂಕಿನ ಸುತ್ತಮುತ್ತ, ಇವೆಲ್ಲ ವರ್ಜ್ಯ. ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ವೈದ್ಯರಿಂದ ಹೇಳಿಸಿಕೊಂಡವರು ಕೂಡ ಇದನ್ನು ಮಿತಿಯಲ್ಲಿಡಬೇಕು, ಏಕೆಂದರೆ ಪಾಲಕದಂತೆ ಇದರಲ್ಲೂ ಆಕ್ಸಲೇಟ್ ಹೆಚ್ಚು.

ಕಲ್ಲಿನ ಮಾತು ಬಂದಾಗ ನೆಗ್ಗಿಲು ನೆನಪಾಗುತ್ತದೆ. ನಮ್ಮ ಜನ ನೆಗ್ಗಿನ ಮುಳ್ಳು ಎನ್ನುತ್ತಾರೆ, ಹಕೀಮರ ಅಂಗಡಿಯಲ್ಲಿ ಗೋಖರು. ಹುಣಸೆ ಎಲೆಯಂತೆ ಸಾಲಾಗಿ ಜೋಡಿಸಿದ ಪುಟ್ಟ ಎಲೆ, ಐದು ದಳದ ಚಂದದ ಹಳದಿ ಹೂ. ಹೂ ಕಂಡು ಮರುಳಾಗಿ ಬಿಟ್ಟರೆ ಒಂದು ತಿಂಗಳಲ್ಲಿ ಅಂಗಳವೆಲ್ಲ ಮುಳ್ಳು. ಕಾಯಿ ಒಣಗಿ ಐದು ಹೋಳಾಗುತ್ತದೆ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುತ್ತದೆ. ಬರಿಗಾಲಿನ ಮಕ್ಕಳಿಗೂ ಸೈಕಲ್ಲಿನ ಟ್ಯೂಬಿಗೂ ಅದರಿಂದ ಬಿಡುಗಡೆಯಿಲ್ಲ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕೀಳುವ ಕ್ರಮ ಹೀಗೆ: ಬಳ್ಳಿಗಳು ಎಲ್ಲಿಂದ ಹೊರಟಿವೆಯೋ ಆ ನಡುವಿನ ಬುಡ ಹುಡುಕಿ, ಅದರ ಕೆಳಗೆ ಕುರ್ಪಿ ಹಾಕಿ ಒಂದೇ ಬೇರನ್ನು ಕತ್ತರಿಸಿದರೆ ಇಡೀ ಗಿಡ ಚಾಪೆಯಂತೆ ಎದ್ದು ಬರುತ್ತದೆ. ಕಾಯಿ ಉದುರಿ ಹೋಗಿದ್ದರೆ ಹಳೆಯ ಗೋಣಿತಟ್ಟನ್ನು ಒದ್ದೆ ಮಾಡಿ ಅಂಗಳದ ಮೇಲೆ ಎಳೆಯಿರಿ. ಮುಳ್ಳುಗಳು ತಟ್ಟಿಗೆ ಅಂಟಿ ಬರುತ್ತವೆ. ಆಮೇಲೆ ತಟ್ಟನ್ನು ಸುಡಿ.

ಗೋಖರು ಔಷಧಿಯಲ್ಲವೇ ಎಂದು ಕೇಳುವಿರಿ. ಯುನಾನಿಯಲ್ಲೂ ಆಯುರ್ವೇದದಲ್ಲೂ ಅದು ಔಷಧಿಯೇ. ಕೊಮ್ಮೆ ಎಂಬ ಇನ್ನೊಂದು ನೆಲಗಿಡವೂ ಹಾಗೆಯೇ, ಅದೇ ಪುನರ್ನವ. ತೆಳುವಾದ ಕವಲು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಗುಲಾಬಿ ಹೂ, ಬಟ್ಟೆಗೆ ಅಂಟುವ ಕಾಯಿ, ಎಲೆಯ ಕೆಳಬದಿ ಬಿಳಿಚು. ಆದರೆ ಔಷಧಿಯೆಂದ ಮಾತ್ರಕ್ಕೆ ಅಂಗಳದಿಂದ ಕಿತ್ತು ಕಷಾಯ ಕಾಯಿಸಿ ಕುಡಿಯುವುದು ಸರಿಯಲ್ಲ. ಪ್ರಮಾಣ ತಿಳಿದಿರಬೇಕು, ಮೈಯಲ್ಲಿ ಬೇರೆ ಕಾಯಿಲೆ ಏನಿದೆಯೆಂದು ತಿಳಿದಿರಬೇಕು. ಗರ್ಭಿಣಿಯರಂತೂ ಇಂಥ ಪ್ರಯೋಗಗಳಿಗೆ ಕೈ ಹಾಕಲೇಬಾರದು. ಪಕ್ಕದ ಮನೆಯ ಖಾಲಾಗೆ ಗುಣವಾಯಿತು ಎಂಬುದು ಪ್ರಮಾಣಪತ್ರವಲ್ಲ.

ಇನ್ನೊಂದು ಮುಳ್ಳಿನ ಗಿಡ ಶಾಲೆಯ ಬಯಲಿನಲ್ಲಿ, ಬಸ್ ನಿಲ್ಲುವ ಜಾಗದಲ್ಲಿ ಸಿಗುತ್ತದೆ. ಹೊನಗೊನ್ನೆಯ ದಾಯಾದಿ, ಅಮೆರಿಕ ಖಂಡದಿಂದ ಬಂದದ್ದು. ದುಂಡಗಿನ ಚಾಪೆಯಂತೆ ನೆಲಕ್ಕೆ ಒತ್ತಿಕೊಂಡಿರುತ್ತದೆ, ಎಲೆಯ ಸಂದಿಯಲ್ಲಿ ಒಣಹುಲ್ಲಿನ ಬಣ್ಣದ ಚುಚ್ಚುವ ಗೊಂಚಲು. ಅದೂ ಹೋಗಲಿ. ನಿಜವಾದ ಹೊನಗೊನ್ನೆಯ ಗೊಂಚಲು ಬಿಳಿ, ಮೆತ್ತಗೆ, ಚುಚ್ಚುವುದಿಲ್ಲ, ಹಸಿ ನೆಲದಲ್ಲಷ್ಟೇ ಬೆಳೆಯುತ್ತದೆ. ಅದರ ಸೊಪ್ಪಿನ ಪಲ್ಯದ ರುಚಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಬೇಡದ್ದನ್ನು ಕಿತ್ತಾಯಿತು. ಆ ಜಾಗಕ್ಕೆ ಏನು ಬೇಕು? ಇದಕ್ಕೆ ನಾಲ್ಕೂ ಊರಿಗೆ ಒಂದೇ ಉತ್ತರವಿಲ್ಲ. ಬೈಲಹೊಂಗಲದ್ದು ಹೆಚ್ಚಾಗಿ ಎರೆ ಮಣ್ಣು, ಮಳೆಗಾಲದಲ್ಲಿ ಚಪ್ಪಲಿ ಕಳಚುವಷ್ಟು ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಕಿತ್ತೂರು ಪಶ್ಚಿಮಕ್ಕಿದೆ, ಮಳೆ ಹೆಚ್ಚು, ಕೆಂಪು ಮಣ್ಣೂ ಸಿಗುತ್ತದೆ. ಸವದತ್ತಿಯಲ್ಲಿ ಗುಡ್ಡದ ಮನೆಗಳಿಗೆ ಕಲ್ಲು ಗರಸು, ಕೆಳಗಿನ ಊರುಗಳಿಗೆ ಎರೆ. ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಮಲಪ್ರಭೆಯ ನೀರಾವರಿಯಲ್ಲಿ ಸವಳು ಹಿಡಿದ ನೆಲವೂ ಉಂಟು. ರಾಮದುರ್ಗದ ಕಡೆ ಮಳೆ ಕಡಿಮೆ, ಬಿಸಿಲು ಜೋರು.

ಎರೆ ಮಣ್ಣಿಗೂ ಸವಳಿಗೂ ಹೆದರದ ಒಂದು ಗಿಡದ ಹೆಸರು ಹೇಳುತ್ತೇನೆ, ನೆಲಹಿಪ್ಪಲಿ. ಹಳ್ಳದ ದಂಡೆ, ಕೆರೆಯ ಏರಿ, ಕಾಲುವೆಯ ಬದಿಯಲ್ಲಿ ಇದು ತಾನಾಗಿಯೇ ಇರುತ್ತದೆ. ಎಲೆಯ ತುದಿಯ ಅಂಚಿನಲ್ಲಷ್ಟೇ ಗರಗಸದ ಹಲ್ಲು. ಉದ್ದ ಕಡ್ಡಿಯ ಮೇಲೆ ಹಿಪ್ಪಲಿಯಂಥ ಪುಟ್ಟ ತಲೆ, ಅದರ ಸುತ್ತ ಬಳೆಯಂತೆ ಬಿಳಿ, ತಿಳಿನೇರಳೆ ಹೂ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮುಂದೆ ಸಾಗುತ್ತದೆ. ನಡೆದಾಡಿದರೂ ಸಾಯುವುದಿಲ್ಲ, ನಾಲ್ಕು ಬೆರಳಿಗಿಂತ ಎತ್ತರ ಬೆಳೆಯುವುದು ಅಪರೂಪ. ನೀರಿನ ಬರವಿರುವ ಕ್ಯಾಲಿಫೋರ್ನಿಯಾದಲ್ಲಿ ಹುಲ್ಲಿನ ಹಾಸಿನ ಬದಲು ಇದನ್ನು ದುಡ್ಡು ಕೊಟ್ಟು ನೆಡುತ್ತಾರೆ. ಅದೇ ಗಿಡ ಆಸ್ಟ್ರೇಲಿಯಾದ ನದಿ ಬಯಲುಗಳಲ್ಲಿ ಹಬ್ಬಿ ಅಲ್ಲಿನ ರೈತರಿಗೆ ಪೀಡೆಯಾಗಿದೆ ಎನ್ನುವುದೂ ನಿಜ. ನಮ್ಮಲ್ಲಿ ಅದು ಮೊದಲಿನಿಂದ ಇದ್ದದ್ದು, ಆದರೂ ಕಾಯಿಪಲ್ಲೆ ಮಡಿಯಿಂದ ದೂರವಿಡಿ. ಒಂದು ದೋಷ ಮುಂಚೆಯೇ ಹೇಳಿಬಿಡುತ್ತೇನೆ. ಹೂವಿಗೆ ಜೇನುನೊಣ ಬರುತ್ತವೆ. ಮಕ್ಕಳು ಬರಿಗಾಲಲ್ಲಿ ಆಡುವ ಜಾಗವಾದರೆ ಹೂ ಬಂದಾಗ ಕುಡುಗೋಲಿನಿಂದ ಸವರಿಬಿಡಿ.

ಕರಿಕೆ ಹುಲ್ಲು ಇದಕ್ಕಿಂತಲೂ ಗಟ್ಟಿ, ಆದರೆ ನನಗೆ ಅದರ ಮೇಲೆ ವಿಶ್ವಾಸ ಕಡಿಮೆ. ಮಣ್ಣಿನೊಳಗೆ ಹರಿದು ಮೆಂತ್ಯೆ, ಕೊತ್ತಂಬರಿ ಮಡಿಯಲ್ಲಿ ಏಳುತ್ತದೆ. ಒಮ್ಮೆ ಹೊಕ್ಕರೆ ತೆಗೆಯುವುದು ಮಕ್ಕಳಾಟವಲ್ಲ. ಕಟ್ಟೆಯ ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಹೋಗುವಲ್ಲಿ ಮಾತ್ರ ಅದು ನಿಜವಾಗಿ ಉಪಕಾರಿ.

ರಾಮದುರ್ಗ, ಸವದತ್ತಿಯ ಒಣ ಅಂಗಳಗಳಿಗೆ ಹೆಚ್ಚು ಹುಡುಕಬೇಕಾಗಿಲ್ಲ, ಅಡುಗೆ ಮನೆಯ ಡಬ್ಬಿಯಲ್ಲೇ ಇದೆ. ಮಡಕಿ ಕಾಳು! ಉಸಳಿಗೆ ನೆನೆಸುವಾಗ ಒಂದು ಹಿಡಿ ತೆಗೆದಿಟ್ಟು ಮೃಗಶಿರಾ ಮಳೆಗೆ ಅಂಗಳದಲ್ಲಿ ಒಂದು ಗೇಣಿನ ಅಂತರದಲ್ಲಿ ಊರಿ. ಬಳ್ಳಿ ಮೇಲೇರದೆ ನೆಲದ ಮೇಲೆಯೇ ಹರಡಿ ಮಣ್ಣನ್ನು ಮುಚ್ಚುತ್ತದೆ. ಬೇಳೆಕಾಳಿನ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ, ನೆಲ ಫಲವತ್ತಾಗುತ್ತದೆ. ಸುಮಾರು ಮೂರು ತಿಂಗಳಿಗೆ ಕಾಯಿ ಒಣಗುತ್ತದೆ. ಬಿಡಿಸಿಕೊಂಡು ಬಳ್ಳಿಯನ್ನು ಆಡಿಗೆ ಹಾಕಬಹುದು. ಮಳೆ ಕೈಕೊಟ್ಟ ವರ್ಷವೂ ತೀರಾ ನಿರಾಸೆ ಮಾಡದ ಬೆಳೆ ಇದು. ಕಿತ್ತೂರಿನವರು ಗೆಣಸಿನ ಬಳ್ಳಿ ಹಾಕಬಹುದು. ಬೆಳಗಾವಿ, ಖಾನಾಪುರದ ಕೆಂಪು ಮಣ್ಣಿನ ಗೆಣಸು ಹೆಸರಾದದ್ದು, ಅದೇ ಹವೆ ಕಿತ್ತೂರಿಗೂ ತುಸು ಹತ್ತಿರ. ಬಳ್ಳಿಯ ತುಂಡು ಊರಿದರೆ ಸಾಕು, ಎಲೆ ಒಂದರ ಮೇಲೊಂದು ಬಿದ್ದು ಕಾಂಗ್ರೆಸ್ ಕಸಕ್ಕೆ ಬಿಸಿಲೇ ಸಿಗದಂತೆ ಮಾಡುತ್ತದೆ. ಆದರೆ ಗೆಣಸಿನ ಮೇಲೆ ಓಡಾಡುವಂತಿಲ್ಲ, ಅದನ್ನು ಹಿತ್ತಲಿಗೆ ಇಟ್ಟುಕೊಳ್ಳಿ.

ಬಚ್ಚಲ ಬದಿಯ ನೆರಳಿಗೆ ಒಂದೆಲಗ, ಪುದೀನ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರ, ಅಂಚು ಕಚ್ಚುಕಚ್ಚು, ಒಂದು ದಂಟಿಗೆ ಒಂದೇ ಎಲೆ. ಬ್ರಾಹ್ಮಿ ಎಂದು ಕೇಳಿದರೆ ನರ್ಸರಿಯವರು ಒಮ್ಮೆ ಇದನ್ನು ಕೊಡುತ್ತಾರೆ, ಒಮ್ಮೆ ದಪ್ಪ ಸಣ್ಣ ಎಲೆಯ ನೀರುಬ್ರಾಹ್ಮಿ ಕೊಡುತ್ತಾರೆ. ಎರಡೂ ಬೇರೆ ಬೇರೆ, ಚಟ್ನಿಗೆ ಬೇಕಾದದ್ದು ಒಂದೆಲಗ. ಪುದೀನವನ್ನು ಸಂತೆಯಿಂದ ತಂದ ಕಟ್ಟಿನ ದಪ್ಪ ದಂಟುಗಳಿಂದಲೇ ಬೆಳೆಸಬಹುದು. ಎಲೆ ಬಿರಿಯಾನಿಗೆ, ದಂಟು ಮಣ್ಣಿಗೆ. ಒಂದು ಹಳೆಯ ಬಕೆಟ್ಟಿನ ತಳ ಕತ್ತರಿಸಿ ನೆಲದಲ್ಲಿ ಹೂತು ಅದರೊಳಗೆ ನೆಟ್ಟರೆ ಅಂಕೆಯಲ್ಲಿರುತ್ತದೆ.

ಮುಂಬಾಗಿಲಿಗೆ ಬಣ್ಣ ಬೇಕೆನ್ನುವವರು ಟೇಬಲ್ ರೋಸ್ ಹಾಕಿ, ಅದು ಗೋಣಿ ಸೊಪ್ಪಿನ ತಂಗಿಯೇ. ಬೆರಳುದ್ದದ ತುಂಡು ಚುಚ್ಚಿದರೆ ಬದುಕುತ್ತದೆ, ಬಿಸಿಲು ಬೇಕು, ನೀರು ಹೆಚ್ಚಾದರೆ ಕೊಳೆಯುತ್ತದೆ. ಅಂಗಡಿಯ ಹುಲ್ಲಿನ ಚಾಪೆ ತಂದು ಹಾಸುವ ಹೊಸ ಹುಚ್ಚಿಗೆ ಮಾತ್ರ ಮರುಳಾಗಬೇಡಿ. ನಳದಲ್ಲಿ ನೀರು ಬರುವ ದಿನ ಎಣಿಸುವ ಮನೆಗಳಲ್ಲಿ ಹುಲ್ಲಿಗೆ ದಿನವೂ ಕುಡಿಯುವ ನೀರು ಸುರಿಯುವುದುಂಟೇ? ಹಾಗೆಯೇ ಉದ್ಯಾನಗಳಲ್ಲಿ, ರಸ್ತೆಯ ನಡುವಿನ ಪಟ್ಟಿಗಳಲ್ಲಿ ಹಳದಿ ಸೇವಂತಿಗೆಯಂತೆ ಹೂ ಬಿಡುವ, ಮೂರು ಸೀಳಿನ ಹೊಳೆಯುವ ಎಲೆಯ ವೆಡೇಲಿಯಾವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹಳ್ಳ, ಕಾಲುವೆಯ ಹತ್ತಿರದ ಮನೆಯಲ್ಲಿ ನೆಟ್ಟರೆ ಒಂದು ತುಂಡು ಹರಿದು ಹೋಗಿ ಮಲಪ್ರಭೆಯ ದಂಡೆ ಸೇರುವುದು ದೊಡ್ಡ ಮಾತಲ್ಲ.

2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿದ್ದು ನೆನಪಿರಬಹುದು. ನೆರೆ ಮಣ್ಣನ್ನಷ್ಟೇ ತರುವುದಿಲ್ಲ, ಮೇಲಿನ ಊರುಗಳ ಬೀಜವನ್ನೂ ತರುತ್ತದೆ. ಹೊಳೆ ಹತ್ತಿರದವರು ನೆರೆ ಇಳಿದ ವರ್ಷ ಅಂಗಳದಲ್ಲಿ ಹೊಸ ಗಿಡ ಕಂಡರೆ ಗುರುತು ಸಿಗುವವರೆಗೆ ತಿನ್ನಬೇಡಿ, ಬಿಡಲೂಬೇಡಿ.

ನೀರಿನ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ, ಅದು ವುಝೂವಿನ ನೀರು. ಒಬ್ಬರು ಒಂದು ವುಝೂಗೆ ಎರಡು ಲೀಟರ್ ಬಳಸಿದರೂ ಐದು ಜನರಿರುವ ಮನೆಯಲ್ಲಿ ದಿನಕ್ಕೆ 50 ಲೀಟರ್. ಸಾಬೂನು ಮುಟ್ಟದ ಆ ನೀರು ನೆಲಹಿಪ್ಪಲಿಗೂ ಪುದೀನಕ್ಕೂ ಧಾರಾಳ. ವುಝೂ ಮಾಡುವ ಕಟ್ಟೆಯ ತೂತಿಗೆ ಒಂದು ಪೈಪು ಸೇರಿಸಿ ಅಂಗಳದ ಕಡೆ ತಿರುಗಿಸಿದರೆ ಆಯಿತು. ಬಟ್ಟೆ ಒಗೆದ ನೀರನ್ನು ಮಾತ್ರ ಎರೆ ಮಣ್ಣಿಗೆ ದಿನವೂ ಬಿಡಬೇಡಿ. ಸೋಡಾ ಪುಡಿಯಲ್ಲಿರುವ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ಮಣ್ಣನ್ನು ಕಟ್ಟೆಯಂತೆ ಗಟ್ಟಿಯಾಗಿಸುತ್ತದೆ, ಆಮೇಲೆ ನೀರೂ ಇಳಿಯದು, ಬೇರೂ ಇಳಿಯದು.

ಹಸಿರು ಬಿಟ್ಟರೆ ಹಾವು, ಚೇಳು ಸೇರುವುದಿಲ್ಲವೇ? ಅಂಗಳದ ಮಾತೆತ್ತಿದರೆ ಹೆಣ್ಣುಮಕ್ಕಳು ಮೊದಲು ಕೇಳುವುದು ಇದನ್ನೇ, ಕೇಳಬೇಕಾದದ್ದೂ ಹೌದು. ಹಾವು ಬರುವುದು ಇಲಿಗೆ, ಅಡಗುವುದು ಇಟ್ಟಿಗೆಯ ರಾಶಿಯಲ್ಲಿ, ಕಟ್ಟಿಗೆಯ ಒಟ್ಟಿಲಿನಲ್ಲಿ, ಮೊಳಕಾಲೆತ್ತರದ ಹುಲ್ಲಿನಲ್ಲಿ. ನಾಲ್ಕು ಬೆರಳೆತ್ತರದ ಹಾಸಿನಲ್ಲಿ ಅಡಗಲು ಜಾಗ ಕಡಿಮೆ. ಹಾಗೆಂದು ನಿಶ್ಚಿಂತರಾಗುವುದೂ ಬೇಡ. ಗೋಡೆಯ ಸುತ್ತ ಎರಡು ಅಡಿ, ಬಾಗಿಲ ಮುಂದೆ ನಾಲ್ಕು ಅಡಿ ಬೋಳಾಗಿಯೇ ಇರಲಿ, ಅಲ್ಲಿ ಗರಸು ಹಾಕಿಸಿ. ಗೆಣಸಿನ ಬಳ್ಳಿಯಂಥ ದಟ್ಟನೆಯದನ್ನು ಮಲಗುವ ಕೋಣೆಯ ಕಿಟಕಿಯ ಕೆಳಗೆ ಹಾಕಬೇಡಿ. ಫಜ್ರ್‌ಗೆ ಎದ್ದು ಹಿತ್ತಲಿಗೆ ಹೋಗುವವರು ಟಾರ್ಚ್, ಚಪ್ಪಲಿ ಮರೆಯಬಾರದು. ಕಚ್ಚಿದರೆ ಮಂತ್ರ, ತಾಯಿತ ಎಂದು ಹೊತ್ತು ಕಳೆಯದೆ ನೇರ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ವಿಷಕ್ಕೆ ಮದ್ದು ಇರುವುದು ಅಲ್ಲಿ.

ಗುರುತು ಹತ್ತದ ಗಿಡವಿದ್ದರೆ ಹೂ ಇರುವ ಒಂದು ಬಳ್ಳಿಯನ್ನು ಬೇರು ಸಮೇತ ಹಳೆಯ ಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ. ಮನೆಯ ಗಂಡಸರು ಆ ಕಡೆ ಹೋಗುವಾಗ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ತೋರಿಸಬಹುದು. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಸಸ್ಯಶಾಸ್ತ್ರದ ಅಧ್ಯಾಪಕರೂ ಹೇಳಿಯಾರು. ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು ಹೇಳಿಸುವ ಆ್ಯಪ್‌ಗಳು ಈಗ ಬಂದಿವೆ. ಹುಡುಕುವ ದಾರಿ ತೋರಿಸಲು ಅವು ಸಾಕು, ಒಲೆಯ ಮೇಲಿಡುವ ತೀರ್ಮಾನಕ್ಕೆ ಸಾಲವು.

ನೆಲಹಿಪ್ಪಲಿ ಹಾಕಲು ಮನಸ್ಸು ಮಾಡಿದ್ದರೆ ಮೃಗಶಿರಾ ಮಳೆಗೆ ಮುಂಚೆ ಅಂಗಳದ ಒಂದು ಮೂಲೆಯಷ್ಟನ್ನು ಮಾತ್ರ ಒಂದು ಗೇಣು ಆಳ ಸಡಿಲಿಸಿ ಎರಡು ಬುಟ್ಟಿ ತಿಪ್ಪೆಗೊಬ್ಬರ ಬೆರೆಸಿಡಿ. ಮೂರು ಗೆಣ್ಣಿರುವ ತುಂಡುಗಳನ್ನು ಗೇಣಿಗೊಂದರಂತೆ ಅಡ್ಡಲಾಗಿ ಮಲಗಿಸಿ, ನಡುವಿನ ಗೆಣ್ಣು ಮಣ್ಣಿನಲ್ಲಿ ಮುಚ್ಚಿರಲಿ. ಮೊದಲ ಮೂರು ವಾರ ಆ ಮೂಲೆಗೆ ಕೋಳಿ, ಆಡು ಹೋಗದಂತೆ ನಾಲ್ಕು ಜಾಲಿಮುಳ್ಳಿನ ಕೊಂಬೆ ಅಡ್ಡ ಇಡಿ. ಮಧ್ಯೆ ಏಳುವ ಕಾಂಗ್ರೆಸ್ ಕಸವನ್ನು ಕೀಳುವುದು ನಿಮ್ಮ ಕೆಲಸ. ಮೂಲೆ ತುಂಬಿದ ಮೇಲೆ ಅದರದೇ ತುಂಡುಗಳಿಂದ ಉಳಿದ ಅಂಗಳಕ್ಕೆ ಮುಂದಿನ ಮಳೆಗೆ ಸಾಕಾಗುವಷ್ಟು ಸಿಗುತ್ತದೆ, ನೆರೆಮನೆಗೂ ಕೊಡಬಹುದು.